ಟ್ಯಾಂಕಿನ ಲೋಳೆಯಲ್ಲಿ ಅಮೀಬಾ, ಅಮೀಬಾದ ಹೊಟ್ಟೆಯಲ್ಲಿ ರೋಗಾಣು: ಮನೆಯ ನೀರನ್ನು ಕಾಪಾಡಿಕೊಳ್ಳುವುದು ಹೇಗೆ?

ಟ್ಯಾಂಕ್ ತೊಳೆಸಿ ಹತ್ತು ದಿನ ಆಗಿತ್ತು. ಮುಚ್ಚಳ ತೆಗೆದು ಒಳಗೋಡೆಗೆ ಬೆರಳು ಹಚ್ಚಿದೆ. ಜಾರಿತು. ಅದೇ ಲೋಳೆ, ಅದೇ ಮಣ್ಣು ಮಣ್ಣು ವಾಸನೆ. ತೊಳೆಯಲು ಬಂದವರು ಅರ್ಧ ಗಂಟೆಯಲ್ಲಿ ಕೆಲಸ ಮುಗಿಸಿ ಹೋಗಿದ್ದರು. ಅರ್ಧ ಟ್ಯಾಂಕ್ ನೀರಿಗೆ ಒಂದು ಪ್ಯಾಕೆಟ್ ಬ್ಲೀಚಿಂಗ್ ಪೌಡರ್ ಸುರಿದು, ಕೋಲಿನಿಂದ ಕಲಕಿ, ನೀರು ಬಿಟ್ಟಿದ್ದರು ಅಷ್ಟೆ. ಗೋಡೆಗೆ ಬ್ರಷ್ ತಾಗಿಯೇ ಇರಲಿಲ್ಲ.

ಮೈಸೂರಿನ ಕಾಲೇಜೊಂದರ ಜೀವಶಾಸ್ತ್ರದ ಲ್ಯಾಬಿನಲ್ಲಿ ಎಷ್ಟೋ ವರ್ಷ ಮಕ್ಕಳಿಗೆ ಅಮೀಬಾ ಅನ್ನುವ ಒಂದೇ ಕೋಶದ ಜೀವಿಯನ್ನು ತೋರಿಸಿದವಳು ನಾನು. ಆ ಲೋಳೆಯನ್ನು ಚೂರು ಕೆರೆದು ಸ್ಲೈಡಿನ ಮೇಲಿಟ್ಟು ನೋಡಿದೆ. ಬ್ಯಾಕ್ಟೀರಿಯಾಗಳ ಗುಂಪು, ಅವುಗಳ ನಡುವೆ ನಿಧಾನವಾಗಿ ಹರಿದಾಡುವ ಎರಡು ಅಮೀಬಾ. ಪಾಠ ಮಾಡುವಾಗ ಅದು ಖುಷಿ ಕೊಡುವ ನೋಟ. ನಮ್ಮ ಮನೆಯವರು ಸ್ನಾನ ಮಾಡುವ ನೀರಿನಲ್ಲಿ ಕಂಡಾಗ ಹಾಗಿರಲಿಲ್ಲ. ಬರೀ ಪೌಡರ್ ಸುರಿದರೆ ಯಾಕೆ ಸಾಲದು ಅನ್ನುವುದಕ್ಕೆ ಉತ್ತರ ಆ ಅಮೀಬಾದ ಹೊಟ್ಟೆಯಲ್ಲಿದೆ. ಅದನ್ನು ಮೊದಲು ಹೇಳಿ, ಆಮೇಲೆ ತೊಳೆಯುವ ಕೆಲಸಕ್ಕೆ ಬರುತ್ತೇನೆ. ಕಾರಣ ಗೊತ್ತಿದ್ದರೆ ಉಜ್ಜುವ ಕೈಗೆ ಬೇಸರ ಬರುವುದಿಲ್ಲ.

ಲೋಳೆ ಅಂದರೆ ಏನು?

ನಮ್ಮ ಎಷ್ಟೋ ಬಡಾವಣೆಗಳಲ್ಲಿ ದಿನವಿಡೀ ನೀರು ಬರುವುದಿಲ್ಲ. ಕಾವೇರಿ ನೀರೋ ಕಬಿನಿ ನೀರೋ, ಬಂದ ಹೊತ್ತಿನಲ್ಲಿ ಸಂಪಿಗೆ ತುಂಬಿಸಿಕೊಂಡು, ಅಲ್ಲಿಂದ ಮೇಲಿನ ಟ್ಯಾಂಕಿಗೆ ಏರಿಸುತ್ತೇವೆ. ಹಳ್ಳಿಗಳಲ್ಲಿ ಊರಿನ ತೊಂಬೆ ಇರುತ್ತದೆ. ಎಲ್ಲಿಯಾದರೂ ನೀರು ನಿಂತೇ ನಿಲ್ಲುತ್ತದೆ. ನಿಂತ ನೀರಿನಲ್ಲಿ ಕ್ಲೋರಿನ್ ದಿನೇ ದಿನೇ ಕಡಿಮೆ ಆಗುತ್ತದೆ.

ಆಗ ಕೆಲವು ಬ್ಯಾಕ್ಟೀರಿಯಾಗಳು ಗೋಡೆಗೆ ಅಂಟಿಕೊಳ್ಳುತ್ತವೆ. ಅಂಟಿದ ಮೇಲೆ ಗೋಂದಿನಂಥ ಪದಾರ್ಥವನ್ನು ಸುತ್ತಲೂ ಬಿಡುತ್ತವೆ. ಆ ಗೋಂದಿನೊಳಗೆ ಅವು ಹೆಚ್ಚುತ್ತವೆ, ಬೇರೆ ಜಾತಿಯವೂ ಬಂದು ಸೇರುತ್ತವೆ. ನೀರು ಮತ್ತು ಆಹಾರ ಒಳಗೆ ಹೋಗಿಬರಲು ಸಣ್ಣ ಸಣ್ಣ ಕಾಲುವೆಗಳೂ ಆಗುತ್ತವೆ. ಇದನ್ನೇ ಬಯೋಫಿಲ್ಮ್ ಅನ್ನುತ್ತಾರೆ. ಬೆಳಗ್ಗೆ ಹಲ್ಲುಜ್ಜುವ ಮುಂಚೆ ನಾಲಿಗೆಗೆ ಹತ್ತುವ ಹಲ್ಲಿನ ಮೇಲಿನ ಪದರವೂ ಬಯೋಫಿಲ್ಮೇ. ಬಾಯಿ ಮುಕ್ಕಳಿಸಿದರೆ ಅದು ಹೋಗುವುದಿಲ್ಲ, ಉಜ್ಜಲೇಬೇಕು ಅಲ್ವಾ? ಟ್ಯಾಂಕಿನ ಕಥೆಯೂ ಅಷ್ಟೇ. ಕ್ಲೋರಿನ್ ಗೋಂದಿನ ಮೇಲ್ಪದರದ ಜೊತೆಗೇ ಸೆಣಸಿ ಖರ್ಚಾಗಿ ಹೋಗುತ್ತದೆ. ಒಳಗಿರುವವು ಉಳಿದುಕೊಳ್ಳುತ್ತವೆ.

ಅಲ್ಲಿಗೆ ಅಮೀಬಾ ಯಾಕೆ ಬರುತ್ತದೆ?

ಮೇಯಲು ಬರುತ್ತದೆ. ಹಸು ಹುಲ್ಲುಗಾವಲಿಗೆ ಬಂದ ಹಾಗೆ. ಲೋಳೆಯ ಮೇಲೆ ಹುಸಿಗಾಲು ಚಾಚಿ, ಬ್ಯಾಕ್ಟೀರಿಯಾವನ್ನು ಸುತ್ತುವರಿದು, ಒಂದು ಸಣ್ಣ ಚೀಲದೊಳಗೆ ಎಳೆದುಕೊಳ್ಳುತ್ತದೆ. ಆ ಚೀಲಕ್ಕೆ ಆಮ್ಲ ಮತ್ತು ಅರಗಿಸುವ ರಸ ಬಂದು ಸೇರುತ್ತದೆ. ಬ್ಯಾಕ್ಟೀರಿಯಾ ಕರಗಿ ಹೋಗುತ್ತದೆ.

ಒಂದು ಮಾತು ಸ್ಪಷ್ಟ ಮಾಡುತ್ತೇನೆ. ನಮ್ಮಲ್ಲಿ ಅಮೀಬಾ ಅಂದ ಕೂಡಲೇ ಆಮಶಂಕೆ, ಹೊಟ್ಟೆನೋವು ನೆನಪಾಗುತ್ತದೆ. ಆ ಎಂಟಮೀಬಾ ಬೇರೆ. ಅದು ಮನುಷ್ಯರ ಕರುಳಿನಲ್ಲಿ ಬದುಕುತ್ತದೆ, ಮಲ ಸೇರಿದ ನೀರು ಮತ್ತು ಆಹಾರದಿಂದ ಹರಡುತ್ತದೆ. ನಾನು ಹೇಳುತ್ತಿರುವುದು ಮಣ್ಣಿನಲ್ಲಿ, ಕೆರೆಯಲ್ಲಿ, ಪೈಪಿನಲ್ಲಿ ತಮ್ಮ ಪಾಡಿಗೆ ಬದುಕುವ ಅಮೀಬಾಗಳ ವಿಷಯ. ಅಕಾಂತಮೀಬಾ, ವರ್ಮಮೀಬಾ, ನೇಗ್ಲೇರಿಯಾ ಮುಂತಾದವು. ಮಂಡ್ಯದ ಗದ್ದೆ ಮಣ್ಣಿನಲ್ಲೂ ಇಂಥವು ಇವೆ. ಅಲ್ಲಿ ಅವು ಬ್ಯಾಕ್ಟೀರಿಯಾ ತಿಂದು, ಅದರಲ್ಲಿದ್ದ ಸಾರಜನಕವನ್ನು ಬೆಳೆಗೆ ಸಿಗುವ ಹಾಗೆ ಬಿಡುತ್ತವೆ. ಆದ್ದರಿಂದ ಅಮೀಬಾ ಅಂದರೆ ಶತ್ರು ಅಂತ ನಾನು ಹೇಳಲಾರೆ. ಅದು ಇರಬೇಕಾದ ಜಾಗ ಗದ್ದೆ, ಕೆರೆ. ಸ್ನಾನದ ನೀರಿನ ಟ್ಯಾಂಕಲ್ಲ.

ಬ್ಯಾಕ್ಟೀರಿಯಾಗಳೂ ಸುಮ್ನೆ ಕೂತು ತಿನ್ನಿಸಿಕೊಳ್ಳುವುದಿಲ್ಲ. ಕೆಲವು ನುಂಗಲಾರದಷ್ಟು ದೊಡ್ಡ ಗುಂಪು ಕಟ್ಟುತ್ತವೆ. ಸ್ಯೂಡೋಮೊನಾಸ್ ಏರುಜಿನೋಸಾ ಅನ್ನುವುದು ಹತ್ತಿರ ಬಂದ ಅಮೀಬಾಕ್ಕೇ ವಿಷ ಚುಚ್ಚಿ ಕೊಲ್ಲಬಲ್ಲದು. ಆಸ್ಪತ್ರೆಯ ಸಿಂಕು, ಮೋರಿಗಳಲ್ಲಿ ಸೇರಿಕೊಂಡು ರೋಗಿಗಳಿಗೆ ಸೋಂಕು ತರುವುದೂ ಇದೇ. ಇನ್ನು ಕೆಲವು, ಬೇಕಾದರೆ ನುಂಗು ಅಂತ ಒಳಗೆ ಹೋಗಿ, ಅಲ್ಲೇ ಮನೆ ಮಾಡಿಕೊಳ್ಳುತ್ತವೆ. ಲೀಜಿಯೊನೆಲ್ಲಾ ಅಂಥದ್ದು.

ಅಮೀಬಾ ಅನ್ನುವ ಗರಡಿ

1976ರ ಜುಲೈನಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಒಂದು ಹೋಟೆಲಿನಲ್ಲಿ ಮಾಜಿ ಸೈನಿಕರ ಸಮಾವೇಶ ನಡೆಯಿತು. ಆಮೇಲೆ ಇನ್ನೂರಕ್ಕೂ ಜಾಸ್ತಿ ಜನರಿಗೆ ನ್ಯುಮೋನಿಯಾದಂಥ ಕಾಯಿಲೆ ಬಂತು. ಸುಮಾರು ಮೂವತ್ತು ಜನ ತೀರಿಕೊಂಡರು. ಕಾರಣವಾದ ಬ್ಯಾಕ್ಟೀರಿಯಾ ಯಾವುದು ಅಂತ ಗೊತ್ತಾಗಿದ್ದು 1977ರಲ್ಲಿ. ಸಮಾವೇಶ ನಡೆಸಿದ ‘ಅಮೆರಿಕನ್ ಲೀಜಿಯನ್’ ಸಂಘದ ಹೆಸರಿನಿಂದಲೇ ಅದಕ್ಕೆ ಲೀಜಿಯೊನೆಲ್ಲಾ ಅನ್ನುವ ಹೆಸರು ಬಂತು. ಆದರೆ ಒಂದು ಒಗಟು ಉಳಿಯಿತು. ಲ್ಯಾಬಿನಲ್ಲಿ ಅದನ್ನು ಬೆಳೆಸಲು ಕಬ್ಬಿಣದ ಅಂಶ, ಸಿಸ್ಟೀನ್ ಅನ್ನುವ ಅಮೈನೊ ಆಮ್ಲ, ಹೀಗೆ ಏನೇನೋ ಕೊಡಬೇಕಿತ್ತು. ಅಷ್ಟು ನಾಜೂಕಿನ ಬ್ಯಾಕ್ಟೀರಿಯಾ ಬರಿಯ ನಲ್ಲಿ ನೀರಿನಲ್ಲಿ ಹೇಗೆ ಬದುಕುತ್ತದೆ?

1980ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಟಿ. ಜೆ. ರೋಬೋಥಮ್ ಎಂಬ ವಿಜ್ಞಾನಿ ಉತ್ತರ ತೋರಿಸಿದರು. ಅದು ಅಮೀಬಾದೊಳಗೆ ಬೆಳೆಯುತ್ತದೆ. ಅಮೀಬಾ ನುಂಗಿದ ಮೇಲೆ, ಆ ಚೀಲಕ್ಕೆ ಅರಗಿಸುವ ರಸ ಬಂದು ಸೇರದ ಹಾಗೆ ಲೀಜಿಯೊನೆಲ್ಲಾ ತಡೆಯುತ್ತದೆ. ಅದೇ ಚೀಲದಲ್ಲಿ ಕೂತು, ಅಮೀಬಾದ ಆಹಾರವನ್ನೇ ತಿಂದು ಹೆಚ್ಚುತ್ತದೆ. ಕೊನೆಗೆ ಅಮೀಬಾ ಒಡೆಯುತ್ತದೆ. ನೂರಾರು ಬ್ಯಾಕ್ಟೀರಿಯಾ ಹೊರಗೆ ಬರುತ್ತವೆ.

ಮೈಸೂರಿನ ಗರಡಿಮನೆಗಳು ನಿಮಗೆ ಗೊತ್ತಲ್ಲ. ಹುಡುಗರು ಬೆಳಗ್ಗೆ ಬೆಳಗ್ಗೆ ಸಾಮು ಮಾಡಿ, ಪಟ್ಟು ಕಲಿತು, ಮೈ ಗಟ್ಟಿ ಮಾಡಿಕೊಂಡು ದಸರಾ ಕುಸ್ತಿಗೆ ಇಳಿಯುತ್ತಾರೆ. ಲೀಜಿಯೊನೆಲ್ಲಾಕ್ಕೆ ಅಮೀಬಾ ಅಂಥ ಗರಡಿ. ನಮ್ಮ ಶ್ವಾಸಕೋಶದಲ್ಲಿ ರೋಗಾಣುಗಳನ್ನು ನುಂಗಿ ಕೊಲ್ಲುವ ಕಾವಲು ಕೋಶಗಳಿವೆ. ಅವೂ ಹೆಚ್ಚುಕಡಿಮೆ ಅಮೀಬಾದ ಹಾಗೇ ಕೆಲಸ ಮಾಡುತ್ತವೆ. ಅಮೀಬಾದಲ್ಲಿ ಕಲಿತ ಪಟ್ಟು ಅಲ್ಲೂ ನಡೆಯುತ್ತದೆ. ಮನುಷ್ಯರನ್ನು ಹುಡುಕಿಕೊಂಡು ಬಂದ ರೋಗಾಣು ಅಲ್ಲ ಇದು. ಅಮೀಬಾದ ಜೊತೆ ಸೆಣಸಿ ಸೆಣಸಿ, ನಮ್ಮ ಮೇಲೂ ಗೆಲ್ಲುವಷ್ಟು ಬಲ ಪಡೆದಿದೆ.

ಕ್ಷಯದ ರೋಗಾಣುವಿನ ಹತ್ತಿರದ ಬಂಧು ಮೈಕೊಬ್ಯಾಕ್ಟೀರಿಯಂ ಏವಿಯಂ ಕೂಡ ಅಮೀಬಾದೊಳಗೆ ಉಳಿಯುತ್ತದೆ. ಕಾಲರಾದ ರೋಗಾಣುವೂ ಹಾಗೆ ಉಳಿಯಬಲ್ಲದು ಅಂತ ಲ್ಯಾಬುಗಳಲ್ಲಿ ನೋಡಿದ್ದಾರೆ. ಇಲ್ಲಿ ಇನ್ನೊಂದು ಸಂಗತಿ ಹೇಳದೆ ಇರಲಾರೆ. 1992ರಲ್ಲಿ ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನ ಒಂದು ಕೂಲಿಂಗ್ ಟವರಿನ ಅಮೀಬಾದಲ್ಲಿ ಬ್ಯಾಕ್ಟೀರಿಯಾ ಅಂದುಕೊಂಡಿದ್ದ ಒಂದು ಜೀವಿ ಸಿಕ್ಕಿತ್ತು. 2003ರಲ್ಲಿ ಅದು ದೈತ್ಯ ವೈರಸ್ ಅಂತ ತಿಳಿಯಿತು. ಅದೇ ಮಿಮಿವೈರಸ್. ಒಂದು ಅಮೀಬಾದೊಳಗೆ ಎಷ್ಟೆಲ್ಲಾ ಸಂಸಾರ ನಡೆಯುತ್ತದೆ ನೋಡಿ.

ಬ್ಲೀಚಿಂಗ್ ಪೌಡರ್ ಸೋಲುವುದು ಎಲ್ಲಿ?

ಇಲ್ಲೇ. ಕಷ್ಟ ಬಂದಾಗ ಅಕಾಂತಮೀಬಾ ದುಂಡಗಾಗಿ ಎರಡು ಪದರದ ಗಟ್ಟಿ ಕವಚ ಕಟ್ಟಿಕೊಳ್ಳುತ್ತದೆ. ಇದಕ್ಕೆ ಸಿಸ್ಟ್ ಅನ್ನುತ್ತಾರೆ. ಆ ಸ್ಥಿತಿಯಲ್ಲಿ ಅದು 20 ವರ್ಷಕ್ಕೂ ಮೀರಿ ಉಳಿದ ದಾಖಲೆ ಇದೆ. ಕವಚ ಕಟ್ಟುವಾಗ ಒಳಗೆ ಲೀಜಿಯೊನೆಲ್ಲಾ ಇದ್ದರೆ ಅದಕ್ಕೂ ರಕ್ಷಣೆ ಸಿಗುತ್ತದೆ. 1990ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಲೀಟರಿಗೆ 50 ಮಿಲಿಗ್ರಾಂ ಕ್ಲೋರಿನ್ ಹಾಕಿದರೂ ಸಿಸ್ಟಿನೊಳಗಿನ ಲೀಜಿಯೊನೆಲ್ಲಾ ಬದುಕಿತ್ತು. ನಮ್ಮ ನಲ್ಲಿಯಲ್ಲಿ ಉಳಿದಿರಬೇಕು ಅಂತ ಭಾರತೀಯ ಮಾನಕ ಹೇಳುವ ಕ್ಲೋರಿನ್ ಲೀಟರಿಗೆ 0.2 ಮಿಲಿಗ್ರಾಂ. ಅದರ 250 ಪಟ್ಟು ಹಾಕಿದರೂ ಸಾಯಲಿಲ್ಲ ಅಂದ ಹಾಗಾಯಿತು.

ಆದ್ದರಿಂದ ನನ್ನ ಒಂದೇ ಒತ್ತಾಯ: ಮೊದಲು ಉಜ್ಜಿ ಲೋಳೆ ತೆಗೆಯಿರಿ, ಆಮೇಲೆ ಪೌಡರ್ ಹಾಕಿ. ಸಿಸ್ಟನ್ನು ಕ್ಲೋರಿನ್ನಿನಿಂದ ಕೊಲ್ಲುವುದು ಕಷ್ಟ. ಬ್ರಷ್ಷಿನಿಂದ ಎಬ್ಬಿಸಿ ಮೋರಿಗೆ ಕಳಿಸುವುದು ಸುಲಭ.

ಮೊದಲು ಕಣ್ಣಾರೆ ನೋಡಿ

ಮನೆಯಲ್ಲಿ ಹೈಸ್ಕೂಲು, ಪಿಯುಸಿ ಮಕ್ಕಳಿದ್ದರೆ ಇದನ್ನು ಮಾಡಿಸಿ. ಒಂದು ಅಗಲ ಬಾಯಿಯ ಬಾಟಲಿಗೆ ಕೆರೆ ನೀರು ಅಥವಾ ಎರಡು ದಿನ ತೆರೆದಿಟ್ಟ ನಲ್ಲಿ ನೀರು ತುಂಬಿ. ನಾಲ್ಕೈದು ಎಳೆ ಭತ್ತದ ಹುಲ್ಲನ್ನು ಕತ್ತರಿಸಿ ಹಾಕಿ. ಗಾಜಿನ ಸ್ಲೈಡಿಗೆ ದಾರ ಕಟ್ಟಿ ಅರ್ಧ ಮುಳುಗುವ ಹಾಗೆ ಇಳಿಬಿಡಿ. ಬಿಸಿಲು ಬೀಳದ ಕಡೆ ಇಡಿ, ಅಡುಗೆಮನೆಯಲ್ಲಿ ಬೇಡ.

ಮೂರು ನಾಲ್ಕು ದಿನಕ್ಕೆ ಸ್ಲೈಡಿನ ಮೇಲೆ ಮಬ್ಬು ಪದರ ಬರುತ್ತದೆ. ಅದು ಬ್ಯಾಕ್ಟೀರಿಯಾದ ಲೋಳೆ. ಒಂದು ವಾರ, ಹತ್ತು ದಿನಕ್ಕೆ ಮೇಯುವವು ಬರುತ್ತವೆ. ಸ್ಲೈಡಿನ ಒಂದು ಬದಿ ಒರೆಸಿ, ಇನ್ನೊಂದು ಬದಿಗೆ ಕವರ್ ಸ್ಲಿಪ್ ಹಾಕಿ, ಶಾಲೆಯ ಮೈಕ್ರೋಸ್ಕೋಪಿನಲ್ಲಿ ಮೊದಲು ನೂರು ಪಟ್ಟು, ಆಮೇಲೆ ನಾನೂರು ಪಟ್ಟು ದೊಡ್ಡದು ಮಾಡಿ ನೋಡಿ. ಬೆಳಕು ಕಮ್ಮಿ ಮಾಡಿ. ಬೆಳಕು ಜಾಸ್ತಿ ಇದ್ದರೆ ಅಮೀಬಾ ಕಾಣುವುದೇ ಇಲ್ಲ, ಅದು ನೀರಿನಷ್ಟೇ ತಿಳಿ. ಚುರುಕಾಗಿ ಈಜುವವು ಅಮೀಬಾ ಅಲ್ಲ. ಅಲುಗದ ಹಾಗೆ ಕಾಣುವ, ಒಂದು ನಿಮಿಷ ಬಿಟ್ಟು ನೋಡಿದರೆ ಆಕಾರ ಬದಲಾಗಿರುವ ಮಚ್ಚೆಯನ್ನು ಹುಡುಕಿ. ತಾಳ್ಮೆ ಬೇಕು. ಮಕ್ಕಳು ಅದನ್ನು ಮೊದಲ ಸಲ ಕಂಡಾಗ ಉಸಿರು ಬಿಗಿಹಿಡಿದು ನೋಡುವುದನ್ನು ಎಷ್ಟು ಸಲ ಕಂಡಿದ್ದರೂ ನನಗೆ ಸಾಕೆನಿಸಿಲ್ಲ.

ಆ ನೀರು ಮೂಗಿಗೆ, ಕಣ್ಣಿಗೆ ಚಿಮ್ಮದಿರಲಿ. ಗ್ಲೌಸ್ ಹಾಕಿಕೊಳ್ಳಿ. ಮುಗಿದ ಮೇಲೆ ಬಾಟಲಿಗೆ ಕುದಿಯುವ ನೀರು ಹಾಕಿ ಕಕ್ಕಸಿಗೆ ಸುರಿಯಿರಿ. ಸೋಪು ಹಾಕಿ ಕೈ ತೊಳೆಯಿರಿ.

ಸಂಪು, ಟ್ಯಾಂಕ್ ತೊಳೆಯುವ ಕ್ರಮ

ಸಂಪು ಮೊದಲು, ಟ್ಯಾಂಕ್ ಆಮೇಲೆ. ತಿರುಗಾಮುರುಗಾ ಮಾಡಿದರೆ ಸಂಪಿನ ಕೊಳೆ ತೊಳೆದ ಟ್ಯಾಂಕಿಗೆ ಏರುತ್ತದೆ.

ನೀರು ಬರುವ ಹಿಂದಿನ ದಿನ ಆರಿಸಿಕೊಳ್ಳಿ. ಇರುವ ನೀರನ್ನು ಬಳಸುತ್ತಾ ತಳದಲ್ಲಿ ಒಂದು ಗೇಣು ಉಳಿಸಿ. ಟ್ಯಾಂಕಿನಿಂದ ಮನೆಗೆ ಇಳಿಯುವ ವಾಲ್ವ್ ಬಂದ್ ಮಾಡಿ. ಇದನ್ನು ಬಹಳ ಜನ ಮರೆಯುತ್ತಾರೆ. ವಾಲ್ವ್ ತೆರೆದೇ ಇದ್ದರೆ ನೀವು ಉಜ್ಜಿ ಎಬ್ಬಿಸಿದ್ದೆಲ್ಲ ಪೈಪಿಗೆ ಇಳಿದು, ಷವರ್, ಸೋಲಾರ್, ಫಿಲ್ಟರ್ ಎಲ್ಲಾ ಕಡೆ ಹೋಗಿ ಕೂರುತ್ತದೆ.

ಸಂಪಿಗೆ ಇಳಿಯುವುದಾದರೆ ಒಬ್ಬರೇ ಇಳಿಯಬೇಡಿ. ಒಂದೆರಡು ಗಂಟೆ ಮುಂಚೆಯೇ ಮುಚ್ಚಳ ತೆಗೆದು ಗಾಳಿ ಆಡಲು ಬಿಡಿ. ಮೇಲೆ ಒಬ್ಬರು ನಿಂತು ಮಾತಾಡಿಸುತ್ತಲೇ ಇರಬೇಕು. ಒಳಗಿದ್ದವರು ತಲೆ ಸುತ್ತುತ್ತದೆ ಅಂದರೆ ತಕ್ಷಣ ಮೇಲೆ ಬರಬೇಕು. ಬಿದ್ದರೆ ಎತ್ತಲು ಇನ್ನೊಬ್ಬರು ಹಾರಬಾರದು, 112ಕ್ಕೆ ಫೋನ್ ಮಾಡಬೇಕು. ಉಸಿರುಕಟ್ಟಿ ಒಬ್ಬರ ಹಿಂದೆ ಒಬ್ಬರು ಸತ್ತ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ. ಸಂಪಿನೊಳಗೆ ನಿಂತು ಬ್ಲೀಚಿಂಗ್ ಪೌಡರ್ ಕಲಸುವುದಂತೂ ಬೇಡವೇ ಬೇಡ. ಉದ್ದ ಹಿಡಿಯ ಬ್ರಷ್ಷಿನಿಂದ ಮೇಲಿಂದಲೇ ಆಗುವುದಾದರೆ ಅದೇ ಒಳ್ಳೆಯದು.

ಇನ್ನು ಉಜ್ಜುವ ಕೆಲಸ. ಗಡುಸು ಪ್ಲಾಸ್ಟಿಕ್ ಬ್ರಷ್ ಸಾಕು. ತಂತಿ ಬ್ರಷ್ ಬೇಡ, ಅದು ಮಾಡುವ ಗೀರುಗಳಲ್ಲಿ ಲೋಳೆ ಮತ್ತೆ ಬೇಗ ಹಿಡಿಯುತ್ತದೆ. ಗೋಡೆ ಒದ್ದೆ ಇರುವಾಗಲೇ ಉಜ್ಜಿ. ರಭಸದ ಜೆಟ್ ಪಂಪಿನಿಂದ ಹೊಡೆದರೆ ಕೆಲಸ ಬೇಗ ಆಗುತ್ತದೆ ನಿಜ. ಆದರೆ ಲೋಳೆ ಸಣ್ಣ ಹನಿಗಳಾಗಿ ಗಾಳಿಗೆ ಏರುತ್ತದೆ, ಅದನ್ನೇ ನೀವು ಉಸಿರಾಡುತ್ತೀರಿ. ಲೀಜಿಯೊನೆಲ್ಲಾ ಒಳಗೆ ಬರುವ ದಾರಿಯೇ ಅದು. ಎನ್-95 ಮಾಸ್ಕ್, ಗ್ಲೌಸ್, ಕನ್ನಡಕ ಹಾಕಿಕೊಳ್ಳಿ. ಮೇಲಿಂದ ಕೆಳಗೆ ಬನ್ನಿ. ಮುಚ್ಚಳದ ಒಳಮೈ, ಫ್ಲೋಟ್ ವಾಲ್ವಿನ ಚೆಂಡು, ಅದರ ಕಡ್ಡಿ, ಪೈಪ್ ಬಾಯಿಗಳು, ತಳದ ಮೂಲೆಗಳು, ಇವನ್ನು ಬಿಡಬೇಡಿ. ಸರಿಯಾಯಿತೋ ಇಲ್ಲವೋ ಅಂತ ಕಣ್ಣು ಹೇಳುವುದಿಲ್ಲ, ಬೆರಳು ಹೇಳುತ್ತದೆ. ಗ್ಲೌಸ್ ಹಾಕಿದ ಬೆರಳು ಎಲ್ಲಿ ಜಾರುತ್ತದೋ ಅಲ್ಲಿ ಇನ್ನೊಮ್ಮೆ ಉಜ್ಜಿ. ಕೊಳೆ ನೀರನ್ನು ತೊಳೆನೀರಿನ ವಾಲ್ವಿನಿಂದ ಬಿಡಿ. ಅದು ಇಲ್ಲದಿದ್ದರೆ ಮಗ್ಗಿನಿಂದ ಮೊಗೆದು, ಬಟ್ಟೆಯಲ್ಲಿ ಒರೆಸಿ ಹಿಂಡಿ ತೆಗೆಯಿರಿ. ಎರಡು ಸಲ ಒಳ್ಳೆ ನೀರು ಹಾಕಿ ತೊಳೆಯಿರಿ.

ಈಗ ಪೌಡರ್. ಒಳ್ಳೆಯ ಬ್ಲೀಚಿಂಗ್ ಪೌಡರಿನ ತೂಕದಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಕ್ಲೋರಿನ್ ಸಿಗುತ್ತದೆ. ತೆರೆದಿಟ್ಟ ಹಳೆಯ ಪ್ಯಾಕೆಟ್ಟಿನಲ್ಲಿ ಅದು ಹಾರಿಹೋಗಿರುತ್ತದೆ, ಹೊಸದನ್ನೇ ತನ್ನಿ. 1000 ಲೀಟರ್ ಟ್ಯಾಂಕಿಗೆ 200 ಗ್ರಾಂ ಲೆಕ್ಕ. ಇದರಿಂದ ಲೀಟರಿಗೆ ಸುಮಾರು 50 ಮಿಲಿಗ್ರಾಂ ಕ್ಲೋರಿನ್ ಆಗುತ್ತದೆ. ಹೌದು, ಸಿಸ್ಟಿನೊಳಗಿನ ರೋಗಾಣು ಬದುಕಿದ್ದು ಇಷ್ಟೇ ಪ್ರಮಾಣದಲ್ಲಿ. ಉಜ್ಜದೆ ಇದನ್ನು ಹಾಕಿದರೆ ಪ್ರಯೋಜನ ಕಮ್ಮಿ ಅನ್ನುವುದು ಅದಕ್ಕೇ. ಉಜ್ಜಿದ ಮೇಲೆ ಉಳಿದ ಬಿಡಿ ಬ್ಯಾಕ್ಟೀರಿಯಾಗಳಿಗೆ ಇದು ಸಾಕಷ್ಟು ಬಲವಾದದ್ದು.

ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ಪೌಡರನ್ನು ಕಲಸಿ, ಬಕೆಟ್ ತುಂಬಿಸಿ, ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಟ್ಯಾಂಕಿಗೆ ಸುರಿದು, ಟ್ಯಾಂಕನ್ನು ಕಂಠದವರೆಗೆ ತುಂಬಿಸಿ. ಟಾಯ್ಲೆಟ್ ತೊಳೆಯುವ ಆಸಿಡ್, ಫಿನೈಲ್, ಬೇರೆ ಯಾವ ಕ್ಲೀನರನ್ನೂ ಇದಕ್ಕೆ ಸೇರಿಸಬೇಡಿ. ಆಸಿಡ್ ಸೇರಿದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ, ಅದು ಪ್ರಾಣ ತೆಗೆಯುತ್ತದೆ.

ಸೋಲಾರ್, ಗೀಸರ್, ಕುಡಿಯುವ ನೀರಿನ ಫಿಲ್ಟರ್, ಇವುಗಳಿಗೆ ಹೋಗುವ ವಾಲ್ವುಗಳನ್ನು ಬಂದ್ ಮಾಡಿ. ಆಮೇಲೆ ಮನೆಯ ವಾಲ್ವ್ ತೆರೆದು, ಒಂದೊಂದೇ ನಲ್ಲಿಯನ್ನು ಕ್ಲೋರಿನ್ ವಾಸನೆ ಬರುವ ತನಕ ಬಿಟ್ಟು ನಿಲ್ಲಿಸಿ. ಪೈಪಿನೊಳಗೂ ಲೋಳೆ ಇರುತ್ತದೆ, ಅಲ್ಲಿಗೆ ಬ್ರಷ್ ಹೋಗುವುದಿಲ್ಲ. ರಾತ್ರಿಯಿಡೀ ಹಾಗೇ ಬಿಡಿ. ಯಾರೂ ಮರೆತು ಬಳಸದ ಹಾಗೆ ನಲ್ಲಿಗಳಿಗೆ ಬಟ್ಟೆ ಕಟ್ಟಿ. ಬೆಳಗ್ಗೆ ಆ ನೀರನ್ನೆಲ್ಲ ಒಳಚರಂಡಿಗೆ ಬಿಡಿ. ಗಿಡಕ್ಕೆ ಬೇಡ, ಮಳೆನೀರಿನ ಚರಂಡಿಗೂ ಬೇಡ. ಎಲ್ಲಾ ನಲ್ಲಿಗಳಲ್ಲೂ ವಾಸನೆ ಹೋಗುವವರೆಗೆ ಒಳ್ಳೆ ನೀರು ಬಿಡಿ.

ಇದನ್ನು ಆರು ತಿಂಗಳಿಗೊಮ್ಮೆ ಮಾಡಿದರೆ ಒಳ್ಳೆಯದು. ಬೋರ್‌ವೆಲ್ ನೀರಾದರೆ ಅದರಲ್ಲಿ ಕ್ಲೋರಿನ್ನೇ ಇರುವುದಿಲ್ಲ. ನಡುವೆ 1000 ಲೀಟರಿಗೆ 2.5 ಗ್ರಾಂ ಪೌಡರಿನ ತಿಳಿ ಹಾಕಿ, ಒಂದು ಗಂಟೆ ಬಿಟ್ಟು ಬಳಸಬಹುದು. ಹಳ್ಳಿಗಳಲ್ಲಿ ತೊಂಬೆಯ ನೀರಿನ ಕ್ಲೋರಿನ್ ನೋಡಲು ಕ್ಲೋರೋಸ್ಕೋಪ್ ಅನ್ನುವ ಸಣ್ಣ ಪೆಟ್ಟಿಗೆ ಬಳಸುತ್ತಾರೆ. ನೀರಿಗೆ ಹನಿ ಹಾಕಿದರೆ ಬಣ್ಣ ಬರುತ್ತದೆ, ಬಣ್ಣದ ಪಟ್ಟಿಗೆ ಹೋಲಿಸಿ ನೋಡುವುದು. ನಿಮ್ಮೂರಿನ ನೀರುಗಂಟಿಯವರನ್ನು ಕೇಳಿ ನೋಡಿ.

ಬಿಸಿನೀರಿನ ವಿಷಯ

ನನ್ನ ಲೆಕ್ಕದಲ್ಲಿ ಇದು ಟ್ಯಾಂಕಿಗಿಂತ ಮುಖ್ಯ. ಲೀಜಿಯೊನೆಲ್ಲಾ ಚೆನ್ನಾಗಿ ಬೆಳೆಯುವುದು 25ರಿಂದ 45 ಡಿಗ್ರಿ ಸೆಲ್ಸಿಯಸ್‌ನಲ್ಲಿ. 20ಕ್ಕಿಂತ ತಣ್ಣಗಿದ್ದರೆ ಸಾಮಾನ್ಯವಾಗಿ ಅಮೀಬಾವೇ ಅದನ್ನು ಅರಗಿಸಿಕೊಳ್ಳುತ್ತದೆ. ಬೆಚ್ಚಗಾದಂತೆ ಆಟ ತಿರುಗುತ್ತದೆ. 60 ಡಿಗ್ರಿಯಲ್ಲಿ ಬಿಡಿ ಲೀಜಿಯೊನೆಲ್ಲಾ ಹೆಚ್ಚು ಹೊತ್ತು ಬದುಕುವುದಿಲ್ಲ.

ಮಂಡ್ಯದ ಹತ್ತಿರದ ನಮ್ಮ ಊರಿನ ಮನೆಯಲ್ಲಿ ತಾಮ್ರದ ಹಂಡೆ ಇತ್ತು. ಬೆಳಗ್ಗೆ ತುಂಬಿಸಿ, ಕಬ್ಬಿನ ಸಿಪ್ಪೆಯ ಉರಿಯಲ್ಲಿ ಚೆನ್ನಾಗಿ ಕಾಯಿಸಿ, ಸಂಜೆಯೊಳಗೆ ಖಾಲಿ ಮಾಡುತ್ತಿದ್ದರು. ವಾರಕ್ಕೊಮ್ಮೆ ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದರು. ಲೋಳೆ ಕಟ್ಟಲು ಅಲ್ಲಿ ಸಮಯವೇ ಇರಲಿಲ್ಲ. ಈಗ ನಮ್ಮ ಮಾಳಿಗೆಗಳ ಮೇಲೆ ಸೋಲಾರ್ ಬಂದಿದೆ. ಅದು ಒಳ್ಳೆಯದೇ, ನಮ್ಮ ಮನೆಯಲ್ಲೂ ಇದೆ. ಬಿಸಿಲಿನ ದಿನ ನೀರು ಮುಟ್ಟಲಾರದಷ್ಟು ಸುಡುತ್ತದೆ. ಆದರೆ ಆಷಾಢದ ಮೋಡ ಕವಿದ ವಾರದಲ್ಲಿ ಅದೇ ನೀರು ದಿನಗಟ್ಟಲೆ ಉಗುರುಬೆಚ್ಚಗೆ ನಿಂತಿರುತ್ತದೆ. ಗರಡಿಗೆ ಅದಕ್ಕಿಂತ ಹದವಾದ ಜಾಗ ಬೇಕೇ?

ಆದ್ದರಿಂದ ಮೋಡದ ದಿನಗಳಲ್ಲಿ ಸೋಲಾರಿನ ಕರೆಂಟ್ ಕಾಯಿಲ್ ಹಾಕಿ, ವಾರಕ್ಕೊಮ್ಮೆಯಾದರೂ ಟ್ಯಾಂಕಿನ ನೀರನ್ನು 60 ಡಿಗ್ರಿಗೆ ಏರಿಸಿ. ಗೀಸರನ್ನೂ 60ರಲ್ಲೇ ಇಡಿ. ಕರೆಂಟ್ ಉಳಿಸಲು 40ರಲ್ಲಿ ಇಡುವ ಅಭ್ಯಾಸ ಬೇಡ. 60 ಡಿಗ್ರಿ ನೀರು ಚರ್ಮ ಸುಡುತ್ತದೆ. ಬಕೆಟ್ಟಿಗೆ ತಣ್ಣೀರು ಮೊದಲು ಬಿಟ್ಟು, ಬಿಸಿನೀರು ಆಮೇಲೆ ಸೇರಿಸಿ. ಮಕ್ಕಳು, ವಯಸ್ಸಾದವರು ಇದ್ದ ಮನೆಯಲ್ಲಿ ಇದನ್ನು ಮರೆಯಲೇಬಾರದು.

ಷವರನ್ನು ಮೂರು ತಿಂಗಳಿಗೊಮ್ಮೆ ಬಿಚ್ಚಿ. ಗಡಸು ನೀರಿನಿಂದ ಅದರ ಕಣ್ಣುಗಳಲ್ಲಿ ಬಿಳಿ ಪದರ ಕಟ್ಟುತ್ತದೆ, ಲೋಳೆ ಅದನ್ನು ಹಿಡಿದುಕೊಂಡೇ ಬೆಳೆಯುತ್ತದೆ. ರಾತ್ರಿ ವಿನೆಗರ್‌ನಲ್ಲಿ ನೆನೆಹಾಕಿ, ಬೆಳಗ್ಗೆ ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ ತೊಳೆದು ಹಾಕಿ. ಮನೆಯಲ್ಲಿ ಶ್ವಾಸಕೋಶ ದುರ್ಬಲವಾದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರುವವರು ಇದ್ದರೆ ಅವರಿಗೆ ಬಕೆಟ್ ಸ್ನಾನವೇ ವಾಸಿ. ಚೊಂಬಿನಿಂದ ಹಾಕಿಕೊಂಡ ನೀರಿನಿಂದ ಮಂಜಿನಂಥ ಹನಿ ಏಳುವುದು ಬಹಳ ಕಮ್ಮಿ.

ಬೇಸಿಗೆ ರಜೆಗೆ ಊರಿಗೆ ಹೋಗಿ ಬಂದಿರಾ? ಬಂದ ಕೂಡಲೇ ಷವರ್ ಕೆಳಗೆ ನಿಲ್ಲಬೇಡಿ. ಕಿಟಕಿ ತೆರೆದು, ಷವರ್ ತಲೆಯನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ ಅಥವಾ ಬಟ್ಟೆ ಸುತ್ತಿ, ನಿಧಾನವಾಗಿ ಐದು ನಿಮಿಷ ನೀರು ಬಿಡಿ. ಮಿಕ್ಕ ನಲ್ಲಿಗಳನ್ನೂ ಹಾಗೇ ಬಿಡಿ. ಏರ್ ಕೂಲರ್ ಇದ್ದರೆ ಹಳೆಯ ನೀರು ಚೆಲ್ಲಿ, ಉಜ್ಜಿ ತೊಳೆದೇ ಹೊಸ ನೀರು ಹಾಕಿ.

ಕುಡಿಯುವ ನೀರಿನ ಫಿಲ್ಟರ್ ಬಗ್ಗೆ ಒಂದೇ ಮಾತು. ಅದರ ಕಾರ್ಬನ್ ಕ್ಲೋರಿನ್ನನ್ನು ಹೀರಿಕೊಳ್ಳುತ್ತದೆ. ಮುಂದಿನ ಡಬ್ಬಿಯಲ್ಲಿ ನಿಂತ ನೀರಿಗೆ ಕಾವಲಿಲ್ಲ. ಹೇಳಿದ ಸಮಯಕ್ಕೆ ಕ್ಯಾಂಡಲ್ ಬದಲಾಯಿಸಿ, ಡಬ್ಬಿ ತೊಳೆಸಿ.

ಮೂಗು ಮತ್ತು ಕಣ್ಣು

ಮೈಸೂರಿನಲ್ಲಿ ಯೋಗ ಮಾಡುವವರು ಜಾಸ್ತಿ, ಜಲನೇತಿ ಮಾಡುವವರೂ ಇದ್ದಾರೆ. ಅವರಲ್ಲಿ ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ನಲ್ಲಿ ನೀರನ್ನು ನೇರವಾಗಿ ಮೂಗಿಗೆ ಹಾಕಬೇಡಿ. ನೇಗ್ಲೇರಿಯಾ ಫೌಲೇರಿ ಅನ್ನುವ ಅಮೀಬಾ ಬೆಚ್ಚಗಿನ ಸಿಹಿನೀರಿನಲ್ಲಿ ಬದುಕುತ್ತದೆ, ಪೈಪು, ಟ್ಯಾಂಕಿನ ಲೋಳೆಯನ್ನೂ ಮೇಯುತ್ತದೆ. ಕುಡಿದರೆ ಅದು ಏನೂ ಮಾಡುವುದಿಲ್ಲ. ಮೂಗಿನಿಂದ ಹೋದರೆ ವಾಸನೆಯ ನರ ಹಿಡಿದು ಮಿದುಳಿಗೆ ತಲುಪುತ್ತದೆ. 2011ರಲ್ಲಿ ಅಮೆರಿಕದ ಲೂಯಿಸಿಯಾನದಲ್ಲಿ ನಲ್ಲಿ ನೀರಿನಿಂದ ನೇತಿ ಮಾಡಿದ ಇಬ್ಬರು ಹೀಗೇ ತೀರಿಕೊಂಡರು. ಪಕ್ಕದ ಕೇರಳದಲ್ಲಿ 2024, 2025ರಲ್ಲಿ ಅಮೀಬಾದಿಂದ ಬರುವ ಮಿದುಳಿನ ಸೋಂಕಿನ ಪ್ರಕರಣಗಳು ಕಂಡವು. ನೇಗ್ಲೇರಿಯಾದಿಂದ ಬರುವ ಕಾಯಿಲೆ ಅಪರೂಪ, ಆದರೆ ಬಂದರೆ ಉಳಿದವರು ಜಗತ್ತಿನಲ್ಲಿ ತೀರಾ ಕಮ್ಮಿ. ನೀರನ್ನು ಚೆನ್ನಾಗಿ ಕುದಿಸಿ ಕನಿಷ್ಠ ಒಂದು ನಿಮಿಷ ಬಿಟ್ಟು, ಮುಚ್ಚಿಟ್ಟು ಆರಿಸಿ, ಆಮೇಲೆ ಉಪ್ಪು ಹಾಕಿ ನೇತಿಗೆ ಬಳಸಿ. ನಮಾಜಿಗೆ ಮುಂಚೆ ಮೂಗಿಗೆ ನೀರು ಏರಿಸಿಕೊಳ್ಳುವವರಿಗೂ ಕುದಿಸಿ ಆರಿಸಿದ ನೀರೇ ಒಳ್ಳೆಯದು. ಮಕ್ಕಳು ಬೇಸಿಗೆಯಲ್ಲಿ ನಿಂತ ಕಟ್ಟೆ, ಹೊಂಡಗಳಿಗೆ ಹಾರುವಾಗ ಮೂಗು ಮುಚ್ಚಿಕೊಳ್ಳಲಿ, ತಳದ ಕೆಸರು ಕಲಕದಿರಲಿ. ಈಜಿ ಬಂದ ಕೆಲವೇ ದಿನಗಳಲ್ಲಿ ಜೋರು ತಲೆನೋವು, ಜ್ವರ, ವಾಂತಿ, ಕತ್ತು ಬಿಗಿತ ಕಂಡರೆ ಗಂಟೆಯನ್ನೂ ವ್ಯರ್ಥ ಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಿ. ಈಜಿದ್ದನ್ನು ಡಾಕ್ಟರಿಗೆ ಹೇಳಿ.

ಕಾಂಟ್ಯಾಕ್ಟ್ ಲೆನ್ಸ್ ಹಾಕುವವರ ಲೆನ್ಸ್ ಡಬ್ಬಿಯೂ ಒಂದು ಪುಟ್ಟ ಟ್ಯಾಂಕೇ. ಡಬ್ಬಿಯ ಗೋಡೆಯಲ್ಲಿ ಬ್ಯಾಕ್ಟೀರಿಯಾದ ಲೋಳೆ ಕಟ್ಟುತ್ತದೆ, ಅದನ್ನು ಮೇಯಲು ಅಕಾಂತಮೀಬಾ ಬರುತ್ತದೆ, ಲೆನ್ಸಿನ ಜೊತೆ ಕಣ್ಣಿಗೆ ಏರುತ್ತದೆ. ಕಣ್ಣಿನ ಮುಂದಿನ ತಿಳಿ ಪದರವಾದ ಕಾರ್ನಿಯಾವನ್ನೇ ತಿನ್ನುತ್ತದೆ. ಲೆನ್ಸನ್ನಾಗಲಿ ಡಬ್ಬಿಯನ್ನಾಗಲಿ ನಲ್ಲಿ ನೀರಿನಲ್ಲಿ ತೊಳೆಯಬೇಡಿ. ಲೆನ್ಸ್ ಹಾಕಿಕೊಂಡು ಸ್ನಾನ ಬೇಡ, ಈಜೂ ಬೇಡ. ಹಳೆಯ ದ್ರಾವಣಕ್ಕೆ ಹೊಸದನ್ನು ಸೇರಿಸದೆ, ದಿನವೂ ಪೂರ್ತಿ ಚೆಲ್ಲಿ, ಬೆರಳಿನಿಂದ ಉಜ್ಜಿ, ಡಬ್ಬಿಯನ್ನು ಮಗುಚಿ ಒಣಗಿಸಿ. ಮೂರು ತಿಂಗಳಿಗೆ ಹೊಸ ಡಬ್ಬಿ. ಕೆಂಪಿಗಿಂತ ನೋವೇ ಜಾಸ್ತಿ ಇದ್ದು, ಬೆಳಕು ನೋಡಲಾಗದಿದ್ದರೆ ಮೆಡಿಕಲ್ ಸ್ಟೋರಿನ ಡ್ರಾಪ್ಸ್ ಹಾಕುತ್ತಾ ದಿನ ಕಳೆಯಬೇಡಿ, ಕಣ್ಣಿನ ಡಾಕ್ಟರ ಹತ್ತಿರ ಹೋಗಿ.

ಕೆಮ್ಮು ಜ್ವರ ಬಂದರೆ ಡಾಕ್ಟರಿಗೆ ಏನು ಹೇಳಬೇಕು?

ಲೀಜಿಯೊನೆಲ್ಲಾ ಒಳಹೊಕ್ಕ 2ರಿಂದ 14 ದಿನಗಳೊಳಗೆ ಸಾಮಾನ್ಯವಾಗಿ ಜ್ವರ, ಒಣಕೆಮ್ಮು, ಮೈಕೈ ನೋವು, ಉಸಿರಾಟದ ಕಷ್ಟ ಶುರುವಾಗುತ್ತದೆ. ಕೆಲವರಿಗೆ ಭೇದಿ, ಮಾತಿನಲ್ಲಿ ಗೊಂದಲವೂ ಆಗುತ್ತದೆ. 50 ದಾಟಿದವರು, ಸಿಗರೇಟು ಸೇದುವವರು, ಸಕ್ಕರೆ ಕಾಯಿಲೆ ಇರುವವರು ಹೆಚ್ಚು ಎಚ್ಚರ ಇರಬೇಕು. ಇದು ಒಬ್ಬರಿಂದ ಒಬ್ಬರಿಗೆ ಹರಡುವ ಕಾಯಿಲೆ ಅಲ್ಲ, ಆದ್ದರಿಂದ ರೋಗಿಯನ್ನು ದೂರ ಇಡಬೇಕಿಲ್ಲ.

ಪೆನ್ಸಿಲಿನ್ ಗುಂಪಿನ ಔಷಧಗಳು ಇದಕ್ಕೆ ನಾಟುವುದಿಲ್ಲ. ಅಮೀಬಾದಲ್ಲಿ ಅಡಗಿದ ಹಾಗೇ ಇದು ನಮ್ಮ ಕೋಶಗಳ ಒಳಗೆ ಅಡಗಿರುತ್ತದೆ, ಆ ಔಷಧ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ. ತಲುಪುವ ಔಷಧಗಳು ಬೇರೆ ಇವೆ, ಅಜಿಥ್ರೋಮೈಸಿನ್, ಲೀವೋಫ್ಲಾಕ್ಸಾಸಿನ್‌ನಂಥವು. ಯಾವುದು, ಎಷ್ಟು ಅನ್ನುವುದನ್ನು ಡಾಕ್ಟರೇ ನಿರ್ಧರಿಸಬೇಕು. ಮೂತ್ರದಿಂದ ಪತ್ತೆ ಮಾಡುವ ಪರೀಕ್ಷೆ ಇದೆ. ಆದರೆ ಅನುಮಾನ ಬಂದರೆ ತಾನೇ ಅದನ್ನು ಬರೆದುಕೊಡುವುದು? ಹಾಗಾಗಿ ನೀವೇ ಬಾಯಿಬಿಟ್ಟು ಹೇಳಿ: ಎರಡು ವಾರದೊಳಗೆ ಹೋಟೆಲಿನಲ್ಲಿ ಉಳಿದಿದ್ದೆ, ಬೀಗ ಹಾಕಿದ್ದ ಮನೆಗೆ ಬಂದು ಷವರ್ ಬಳಸಿದೆ, ಟ್ಯಾಂಕ್ ತೊಳೆದೆ, ಕೂಲರ್ ಹಾಕಿಕೊಂಡು ಮಲಗಿದ್ದೆ. ನೆಬ್ಯುಲೈಸರ್ ಬಳಸುವವರು ಅದಕ್ಕೆ ಯಾವ ನೀರು ಹಾಕಿದ್ದರು ಅನ್ನುವುದನ್ನೂ ಹೇಳಿ. ಅದನ್ನು ತೊಳೆಯಲೂ ನಲ್ಲಿ ನೀರು ಬೇಡ, ಕುದಿಸಿ ಆರಿಸಿದ್ದು ಅಥವಾ ಸ್ಟೆರೈಲ್ ನೀರು ಮಾತ್ರ.

ನಮ್ಮ ಮನೆಯ ಟ್ಯಾಂಕನ್ನು ಆಮೇಲೆ ನಾನೂ ಮಗಳೂ ಸೇರಿ ಉಜ್ಜಿದೆವು. ಮೂರು ಗಂಟೆ ಹಿಡಿಯಿತು. ಹತ್ತು ದಿನ ಬಿಟ್ಟು ಮತ್ತೆ ಗೋಡೆಗೆ ಬೆರಳು ಹಚ್ಚಿದೆ. ಈ ಸಲ ಜಾರಲಿಲ್ಲ. ತೊಳೆದ ತಾರೀಖನ್ನು ಮಗಳು ಮುಚ್ಚಳದ ಮೇಲೆ ಪೇಂಟಿನಲ್ಲಿ ಬರೆದಿದ್ದಾಳೆ, ಕೆಳಗೆ ಮುಂದಿನ ತಾರೀಖಿಗೆ ಜಾಗ ಬಿಟ್ಟು.